ಬ್ರೇಕಿಗೆ ತಲೆಎಣ್ಣೆ

ಭಾವಾ, ನೀನು ಇದನ್ನ ಓದಲ್ಲ ಅಂತ ಗೊತ್ತು. ಆದ್ರೂ ಈ ಅಸಹ್ಯ ಯಾರಿಗಾದ್ರೂ ಹೇಳ್ಬೇಕಲ್ಲ.

ನೀನು ತೀರ್ಕೊಂಡ ಮೇಲೆ ಮೂಲೇಲಿ ನಿಂತಿದ್ದ ನಿನ್ನ ಗುಡ್ಡ ಹತ್ತೋ ಸೈಕಲ್ಲನ್ನ ಅಕ್ಕ ನಾಳೆಯಿಂದ ಕೆಲಸಕ್ಕೆ ಓಡಿಸ್ತಾಳಂತೆ, ಅದೂ ಆ ಇಳಿಜಾರಲ್ಲಿ. ಮುಂದಿನ ಚಕ್ರ ತಿರುಗ್ತಿಲ್ಲ ಅಂತ ನನ್ನ ಕರೆದಳು. ಡಿಸ್ಕ್ ಬ್ರೇಕ್ ಬಿಚ್ಚಿದೆ. ಥೂ, ಒಳಗೆಲ್ಲ ಕಪ್ಪು ಗಸಿ, ಅದರಲ್ಲಿ ಕೂದಲು, ಹಳಸಿದ ಎಣ್ಣೆ ನಾತ. ಸತ್ತ ಹೆಗ್ಗಣಾನೇ ವಾಸಿ.

"ಏನಕ್ಕಾ ಹಾಕಿದೀಯ ಇದಕ್ಕೆ?"

"ಕಿರ್ ಅಂತಿತ್ತು, ತಲೆಎಣ್ಣೆ ಬಿಟ್ಟೆ."

"ಬ್ರೇಕಿಗಾ? ಜಡೆ ಹೆಣೆಯೋದೊಂದು ಬಾಕಿ."

"ಬಾಯಿ ಮುಚ್ಕೊಂಡು ತಿಕ್ಕೋ."

ಮೂಗು ಕಟ್ಕೊಂಡು ಸ್ಪಿರಿಟ್ಟಲ್ಲಿ ತೊಳೆದೆ. ಪ್ಯಾಡನ್ನ ಒತ್ತೋ ಪಿಸ್ಟನ್ನು ಅಂಟಿಕೊಂಡಿತ್ತು, ಅದನ್ನ ಮೆತ್ತಗೆ ಒಳಕ್ಕೆ ತಳ್ಳಿ, ಎಣ್ಣೆ ಕುಡಿದ ಪ್ಯಾಡು ಬಿಸಾಕಿ ಹೊಸದು ಹಾಕಿದೆ. ಚಕ್ರ ತಿರುಗ್ತು, ಬ್ರೇಕೂ ಹಿಡೀತು. ಊಟ ಮಾತ್ರ ಸೇರಲಿಲ್ಲ.

ಆಮೇಲೆ ಅಕ್ಕ, "ಸೀಟು ಇಳಿಸೋ, ನಂಗೆ ನೆಲ ಎಟುಕಲ್ಲ" ಅಂದಳು. ಅದು ಇನ್ನೂ ನಿನ್ನ ಕಾಲಿನ ಅಳತೆಗೇ ಇತ್ತು. ಅಂಥ ಗಸಿಗೆ ಕೈ ಹಾಕಿದೋನಿಗೆ ಆ ಒಂದು ಬೋಲ್ಟಿಗೆ ಕೈ ಹೋಗಲಿಲ್ಲ. ಸ್ಪ್ಯಾನರ್ ಹುಡುಕೋ ಥರ ನಟಿಸಿದೆ. ಕೊನೆಗೆ ಸೀಟಿನ ಕಂಬದ ಮೇಲೆ ನಿನ್ನ ಅಳತೆ ಗುರುತಿಗೆ ಮೊಳೇಲಿ ಒಂದು ಗೀರು ಎಳೆದು ಇಳಿಸಿದೆ. ಕಂಬದ ಜೊತೆ ಗೀರೂ ಕೊಳವೆ ಒಳಗೆ ಹೋಯ್ತು. ಅಕ್ಕನಿಗೆ ಹೇಳಿಲ್ಲ.