ಮಾವ ಬರೆದುಕೊಟ್ಟ ಕಾಗದ

ಕೌಶಲ್,

ಮೊದಲ ಬಸ್ಸಿಗೆ ಸಾಸ್ತಾನಕ್ಕೆ, ಮಾವನ ಮನೆಗೆ ಹೋಗುತ್ತೇನೆ. ನಾನು ಬರುವವರೆಗೆ ಆಸ್ಟ್ರೇಲಿಯದಲ್ಲಿ ಕಾಯಂ ನೆಲೆಸುವ ಆ ಪಿಆರ್ ಅರ್ಜಿ ಕಳಿಸಬೇಡ.

ಅರ್ಜಿಗೆಂದು ಕೊಟ್ಟ ತಮ್ಮ ಹೋಟೆಲಿನ ಕಾಗದದಲ್ಲಿ ಮಾವ ‘ಇವನು ನಮ್ಮ ಮನೆಮಗ, ಸಂಬಳಕ್ಕೆ ದುಡಿದವನಲ್ಲ’ ಎಂದು ಬರೆದದ್ದು ಪ್ರೀತಿಯಿಂದ. ಸಂಬಳದ ಅಡುಗೆಯವನಾಗಿದ್ದರೆ ಮಾತ್ರ ನೀನು ಅಲ್ಲಿ ದುಡಿದ ಆರು ವರ್ಷ ಅರ್ಜಿಯಲ್ಲಿ ಲೆಕ್ಕಕ್ಕೆ ಬರುತ್ತದೆಂದು ಅವರಿಗೇನು ಗೊತ್ತು? ತಿಂಗಳು ತಿಂಗಳು ನಿನ್ನ ಖಾತೆಗೆ ಸಂಬಳ ಹಾಕಿದವರೂ ಅವರೇ. ಅಂಥವರಿಗೆ ಫೋನಿನಲ್ಲಿ ‘ನಿಮ್ಮಿಂದ ನನ್ ಬದ್ಕೇ ಹಾಳಾಯ್ತ್’ ಅಂದೆಯಲ್ಲ!

ನಾನು ಕಟ್ಟಿಟ್ಟ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬಾ. ಅನ್ನ ಮಾಡಿದ್ದೇನೆ, ಬಂಗಡೆ ಸಾರು ಬಿಸಿ ಮಾಡಿಕೋ. ನಾನು ಅಲ್ಲಿ ಮುಟ್ಟುವ ಮೊದಲೇ ಮಾವನಿಗೆ ಫೋನ್ ಮಾಡಿ ತಪ್ಪಾಯ್ತು ಅನ್ನು.

‘ಅಣ್ಣ, ಅಂವ ನಿನ್ ಮಗ ಅಲ್ಲ, ಸಂಬ್ಳದ್ ಆಳ್ ಅಂದೇಳಿ ಬರಿ’ ಅಂತ ನಾನು ಹೇಳಬೇಕು. ಯಾವ ಬಾಯಲ್ಲಿ ಹೇಳಲಿ?

ಅಮ್ಮ