ಆಮೆನ್ ಅಂದ ಮೇಲೆ

ಹುಣಸೂರು,
೧೨ ಜನವರಿ ೧೯೫೬

ಪ್ರೀತಿಯ ಮೊಮ್ಮಗಳು ಕೃಪಾವತಿಗೆ,

ನಿನ್ನ ಅಜ್ಜಿ ಹನ್ನಮ್ಮ ಮಾಡುವ ಆಶೀರ್ವಾದಗಳು. ಯೇಸುಸ್ವಾಮಿಯ ದಯೆಯಿಂದ ಮೈಸೂರಿನಲ್ಲಿ ನೀನು ಸೌಖ್ಯವಾಗಿದ್ದೀಯೆಂದು ನಂಬಿದ್ದೇನೆ. ಆ ಕೆಮ್ಮು ಹೋಯಿತೇ? ರಾತ್ರಿ ಪಾಳಿ ಮಾಡಿ ಬಂದು ತಣ್ಣೀರು ಕುಡಿಯಬೇಡವೆಂದು ಎಷ್ಟು ಸಲ ಹೇಳಿಕಳಿಸಿದ್ದೇನೆ, ನರ್ಸ್ ಕಲಿಯುವವಳಿಗೆ ನಾನು ಹೇಳಬೇಕೇ? ಅಕ್ಷರ ಸೊಟ್ಟಗಿದ್ದರೆ ನಗಬೇಡ. ಅಂಗಾತ ಮಲಗಿ, ಎದೆಯ ಮೇಲೆ ಮೊರ ಬೋರಲು ಹಾಕಿಕೊಂಡು, ಸೀಸದ ಕಡ್ಡಿಯಲ್ಲಿ ಬರೆಯುತ್ತಿದ್ದೇನೆ. ಮಲಗಿ ಬರೆದರೆ ಮಸಿ ಪೆನ್ನಿನಲ್ಲಿ ಮಸಿ ಇಳಿಯುವುದಿಲ್ಲ ಎಂಬುದು ಈ ವಯಸ್ಸಿನಲ್ಲಿ ಗೊತ್ತಾಯಿತು.

ನನ್ನ ಸಮಾಚಾರ ಏನಿದೆ ಹೇಳು. ಬಾವಿಕಟ್ಟೆಯಲ್ಲಿ ಜಾರಿ ತೊಡೆಮೂಳೆ ಮುರಿದಾಗ ಹೇಗೆ ಮಲಗಿಸಿದರೋ ಹಾಗೇ ಇದ್ದೇನೆ. ನಾಟಿ ವೈದ್ಯ ಕರಿಯಪ್ಪ ಬಿದಿರು ದಬ್ಬೆ ಕಟ್ಟಿ, ಕಾಲಿಗೆ ಹಗ್ಗ ಬಿಗಿದು, ಮಂಚದ ತುದಿಯಲ್ಲಿ ಇಟ್ಟಿಗೆ ಇಳಿಬಿಟ್ಟಿದ್ದಾನೆ. ಕಟ್ಟಿಹಾಕಿದ ಎಮ್ಮೆಯಾದರೂ ಗೂಟದ ಸುತ್ತ ತಿರುಗುತ್ತದೆ, ನನಗೆ ಅದೂ ಇಲ್ಲ. ಕಿಟಕಿಯ ಸರಳಿನಾಚೆ ಹುಣಸೆಮರದ ಒಂದು ಕೊಂಬೆ, ಪಕ್ಕದ ಮನೆಯ ಗಾಡಿ ಹೊಡೆಯುವ ಕುಳ್ಳಯ್ಯನ ಕೊಟ್ಟಿಗೆಯ ಸೂರು, ಇಷ್ಟೇ ನನ್ನ ಪ್ರಪಂಚ. ನೀರು ಬೇಕಾದರೆ ಕೇಳಬೇಕು, ನೀರು ಹೋಗಬೇಕಾದರೂ ಕೇಳಬೇಕು. ನಿಮ್ಮಮ್ಮ ಪಾಪ ಒಂದು ದಿನವೂ ಮುಖ ಸಿಂಡರಿಸಿಲ್ಲ. ಆದರೂ ಕೇಳಿ ಕೇಳಿ ನನಗೆ ನನ್ನ ದನಿಯೇ ಬೇಸರವಾಗಿದೆ. ನಮ್ಮ ಆಸ್ಪತ್ರೆಗೆ ಬಾ ಅಜ್ಜೀ ಎಂದು ನೀನು ಬರೆದಾಗಲೆಲ್ಲ ನಾನೇ ಒಲ್ಲೆನೆಂದೆ. ನಿಮ್ಮ ತಾತನನ್ನು ಗಾಡಿಯಲ್ಲಿ ಕೂರಿಸಿಕೊಂಡು ಆ ಗೇಟಿನೊಳಗೆ ಹೋದವಳು ನಾನು, ಅದೇ ಗಾಡಿಯಲ್ಲಿ ಮುಸುಕು ಹೊದಿಸಿ ಹೊರಗೆ ತಂದವಳೂ ನಾನು. ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು, ತಪ್ಪು ಹೊರಿಸಬಾರದು. ಆದರೆ ಆ ಗೇಟನ್ನು ಇನ್ನೊಂದು ಸಲ ಕಣ್ಣಲ್ಲಿ ನೋಡಲಾರೆ.

ಹೊತ್ತು ಹೋಗದೆ ಪದ ಕಟ್ಟುತ್ತಿದ್ದೇನೆ. ರಾಗಿಕಲ್ಲಿನ ಮುಂದೆ ಕೂತು ಕಟ್ಟುತ್ತಿದ್ದ ಹಾಗೆಯೇ, ಕಲ್ಲು ಮಾತ್ರ ಇಲ್ಲ. ದೊಡ್ಡ ದೊಡ್ಡ ಮಾತು ನನಗೆ ಬರುವುದಿಲ್ಲ. ಸ್ವರ್ಗದ ಮುತ್ತಿನ ಬಾಗಿಲನ್ನು ನಾನು ನೋಡಿಲ್ಲ, ಮಜ್ಜಿಗೆ ಲೋಟ ನೋಡಿದ್ದೇನೆ. ಅದನ್ನೇ ಸ್ವಾಮಿಗೆ ಹೇಳಿದೆ:

ಮುಂಜಾನೆ ನೀ ಕೊಟ್ಟ ಮಜ್ಜೀಗೆ ಲೋಟಾವು
ಸಂಜೇಗೆ ಬರಿದಾಯ್ತು ನನ್ನೊಡೆಯ – ನಾನಿನ್ನು
ಅಂಜೋದು ಯಾಕೆ ನಾಳೇಗೆ

ಚೆನ್ನಾಗಿದೆ ಅಲ್ಲವೇ? ಹೇಳುವುದು ಸುಲಭ ಕಣೇ. ಇದನ್ನು ಕಟ್ಟಿದ ಮರುದಿನವೇ ನಾಳೆ ಎಂಬುದು ಬಂದು ನನ್ನ ಎದೆಯ ಮೇಲೆ ಕೂತಿತು. ಅದನ್ನೇ ಈಗ ಬರೆಯಬೇಕು.

ಹೋದ ಭಾನುವಾರ ನಮ್ಮ ದೇವಾಲಯದಲ್ಲಿ ಸುಗ್ಗಿಯ ಕಾಣಿಕೆ ಹಬ್ಬ. ಪ್ರತಿ ವರ್ಷ ನಮ್ಮ ಮನೆಯಿಂದ ನನ್ನ ಕೈಯ ಕುಂಬಳಕಾಯಿ ಹೋಗುತ್ತಿತ್ತು. ಈ ಸಲ ನಾನು ಮಲಗಿದ ಮೇಲೆ ಬಳ್ಳಿಗೆ ನೀರು ಹಾಕುವವರಿಲ್ಲದೆ ಒಣಗಿಹೋಯಿತು. ಬೆಳೆ ಇಲ್ಲದವರು ಎದ್ದು ನಿಂತು ಬಾಯಿಕಾಣಿಕೆ ಕೊಡುವುದು ನಿನಗೂ ಗೊತ್ತು. ಇಂಥದ್ದನ್ನು ದೇವರಿಗೆ ಕೊಡುತ್ತೇನೆ, ಇಂಥದ್ದನ್ನು ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು, ಸಭೆ ಆಮೆನ್ ಅನ್ನಬೇಕು. ಆಮೆನ್ ಬಿದ್ದ ಮೇಲೆ ಹಿಂದಕ್ಕೆ ತೆಗೆಯುವ ಹಾಗಿಲ್ಲ. ಕರು ಕೊಡುತ್ತೇನೆಂದು ಹೇಳಿ ಗೊಡ್ಡು ಹಸು ಹೊಡೆದುಕೊಂಡು ಬಂದವನನ್ನು ಇವತ್ತಿಗೂ ಜನ ಆಡಿಕೊಳ್ಳುತ್ತಾರೆ. ನಿಮ್ಮಪ್ಪ ಮರದ ಡಿಪೋದಲ್ಲಿ ದಿನವಿಡೀ ತುಟಿ ಬಿಚ್ಚದೆ ದುಡಿಯುವವನು, ಅವತ್ತು ಅದೇನಾಯಿತೋ, ಎದ್ದು ನಿಂತು ಗಳಗಳ ಅತ್ತನಂತೆ. "ನಮ್ಮವ್ವ ಬದುಕುಳಿದವ್ಳೆ. ಕೊಡಾಕೆ ಮನೇಲಿ ಬ್ಯಾರೆ ಏನೂ ಇಲ್ಲ. ನನ್ನ ಮಗಳು ಕೃಪಾವತಿ ನಮ್ಮವ್ವನ ಸೇವೆ ಮಾಡ್ಲಿ, ಅದೇ ನನ್ನ ಕಾಣಿಕೆ" ಎಂದುಬಿಟ್ಟ. ಇಡೀ ಸಭೆ ಆಮೆನ್ ಅಂದಿತು. ನಿಮ್ಮಮ್ಮ ಮನೆಗೆ ಬಂದು ನನ್ನ ಮಂಚದ ಕಾಲು ಹಿಡಿದುಕೊಂಡು ಅತ್ತಳು. ಸೋಮವಾರ ಅವನು ಮೈಸೂರಿಗೆ ಬಂದು, ನಿನ್ನ ಹೆಸರು ತೆಗೆಸಿ, ಪೆಟ್ಟಿಗೆಸಮೇತ ಕರೆತರುವುದೆಂದು ತೀರ್ಮಾನವಾಯಿತು.

ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಕೇಳಿದ ತಕ್ಷಣ ನನಗೆ ಸಂತೋಷವೇ ಆಯಿತು. ನೀನು ನನ್ನ ತಲೆ ಬಾಚುತ್ತೀಯ, ನಿನ್ನ ಕೈಯಲ್ಲಿ ಗಂಜಿ ಕುಡಿಯುತ್ತೇನೆ ಎಂದು ಮುದಿ ಮನಸ್ಸು ಕುಣಿಯಿತು. ಆಮೇಲೆ ನಿನ್ನ ಕಾಗದವೊಂದು ನೆನಪಾಯಿತು. ಮೊದಲ ಹೆರಿಗೆ ಮಾಡಿಸಿದ ದಿನ ಬರೆದಿದ್ದೆಯಲ್ಲ, ಮಗು ಅಳುವ ಮುಂಚೆ ಒಂದು ಗಳಿಗೆ ನನ್ನ ಅಂಗೈಯಲ್ಲಿ ಸುಮ್ಮನೆ ಬೆಚ್ಚಗೆ ಇತ್ತು ಅಜ್ಜೀ, ಅಷ್ಟೇ, ಆಮೇಲೆ ಅದು ಅದರ ಅಮ್ಮನದಾಯಿತು ಎಂದು. ಇಂಥ ಗಳಿಗೆ ಸಿಕ್ಕುವ ಕೈಯನ್ನು ನನ್ನ ಕಾಲಿನ ಇಟ್ಟಿಗೆಗೆ ಕಟ್ಟಿಹಾಕುವುದೇ? ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಮನ್ನ ಸುರಿಸಿದಾಗ ಆಯಾ ದಿನದ್ದನ್ನು ಆಯಾ ದಿನ ತಿನ್ನಿರಿ ಎಂದ. ನಾಳೆಗೆಂದು ಮುಚ್ಚಿಟ್ಟುಕೊಂಡವರ ಪಾತ್ರೆಯಲ್ಲಿ ಹುಳ ಬಿದ್ದು ನಾತ ಹೊಡೆಯಿತು. ನೀನೂ ನನಗೆ ಹಾಗೆ ಸಿಕ್ಕಿದವಳು. ನಿನ್ನನ್ನು ಮುಚ್ಚಿಟ್ಟುಕೊಂಡರೆ ಏನಾಗುತ್ತದೆಂದು ನನಗೆ ಗೊತ್ತು.

ಸಂಜೆ ನಿಮ್ಮಪ್ಪ ನನ್ನನ್ನು ಮಗ್ಗುಲು ಹೊರಳಿಸಲು ಬಂದಾಗ ಚೆನ್ನಾಗಿ ಉಗಿದೆ. ಬೈಬಲಿನಲ್ಲಿ ಯೆಪ್ತಾಹನ ಕಥೆ ಓದಿಲ್ಲವೇನೋ ಎಂದೆ. ಬಾಯಿ ಮುಂದೆ ಮಾಡಿ ಹರಕೆ ಹೊತ್ತು ಮಗಳನ್ನೇ ಕಳೆದುಕೊಂಡವನು ಅವನು. ನಿಮ್ಮಪ್ಪ ನನ್ನ ಬೆನ್ನಡಿ ಕೈ ಕೊಟ್ಟುಕೊಂಡೇ, "ಏನ್ ಮಾಡ್ಲವ್ವಾ, ಬಾಯ್‌ ತಪ್ಪೋಯ್ತು. ಆಮೆನ್ ಅಂದ್ಬುಟ್ರು" ಎಂದ. ಅವನ ಕಣ್ಣೀರು ನನ್ನ ಕತ್ತಿನ ಮೇಲೆ ಬಿತ್ತು. ಆಗ ನನಗೆ ಅವನೂ ನನ್ನಂತೆಯೇ ಸಿಕ್ಕಿಹಾಕಿಕೊಂಡಿದ್ದಾನೆ ಎನ್ನಿಸಿತು. ಮರುದಿನ ನಮ್ಮ ದೇವಾಲಯದ ಉಪದೇಶಿ ಜಯಶೀಲಯ್ಯನವರನ್ನು ಕರೆಸಿ, ನಿಮ್ಮಪ್ಪ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿಸಿ ಕೇಳಿದೆ. ಅವರು ಹೋದ ಮೇಲೆ ಕುಳ್ಳಯ್ಯನನ್ನು ಕಿಟಕಿಯ ಹತ್ತಿರ ಕೂಗಿ, ಎತ್ತಿನ ಲಾಳ ಗಟ್ಟಿಯಾಗಿದೆಯೇ ಎಂದು ವಿಚಾರಿಸಿದೆ.

ಇವತ್ತು ಬೆಳಿಗ್ಗೆ ಈ ಕೋಣೆಯನ್ನು ಇನ್ನೊಂದು ಸಲ ಕಣ್ಣು ತುಂಬ ನೋಡಿದೆ. ಬೈದುಕೊಂಡೇ ಇದ್ದ ಈ ಸರಳು, ಈ ಕೊಂಬೆ, ಸೂರಿನ ಮೇಲೆ ಹತ್ತಿ ಕೂಗುವ ನಮ್ಮ ಕೆಂಪು ಹುಂಜ, ಇವೆಲ್ಲ ಎಷ್ಟು ಚೆಂದವಿದ್ದವು ಎನ್ನಿಸಿ ಅಳು ಬಂತು. ಅದರ ಮೇಲೂ ಒಂದು ಪದವಾಯಿತು:

ಕೋಳೀಯ ಕೂಗಾಯ್ತು, ಕೊಟ್ಟೀಗೆ ಬೆಳಕಾಯ್ತು
ನಾಳೀಗೆ ಕೂಡಿಡಲು ಬರದಯ್ಯ – ಈ ಹೊತ್ತು
ಆಳೀಗೂ ಅರಸೀಗೂ ಒಂದೇಯ

ನಿಮ್ಮಮ್ಮ ನಿನಗೆ ಹುರಿಹಿಟ್ಟು ಮಾಡುತ್ತಿದ್ದಾಳೆ. ನೀನು ಪರೀಕ್ಷೆಗೆ ಓದುವುದನ್ನು ನಿಲ್ಲಿಸಬೇಡ. ಬೆಳಿಗ್ಗೆ ಎದ್ದಾಗ ಒಂದು ಕೀರ್ತನೆಯಾದರೂ ಓದು, ನಿದ್ದೆಗಣ್ಣಲ್ಲಿ ಓದಿದರೂ ಸ್ವಾಮಿ ಬೇಸರ ಮಾಡಿಕೊಳ್ಳುವುದಿಲ್ಲ. ನಿನ್ನ ಜೊತೆಯ ಹುಡುಗಿಯರಿಗೆಲ್ಲ ಈ ಮುದುಕಿಯ ನೆನಪು ಹೇಳು. ಕರ್ತನು ನಿನ್ನ ಕೈಗಳನ್ನು ಕಾಯಲಿ.

ನಿನ್ನ ಅಜ್ಜಿ,
ಹನ್ನಮ್ಮ

ಮರೆತೆ: ಕುಳ್ಳಯ್ಯ ಟಪಾಲಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸೋಮವಾರ ನಿಮ್ಮಪ್ಪ ಬರುವುದು ನಿನ್ನನ್ನು ಕರೆತರಲು ಅಲ್ಲ, ನನ್ನನ್ನು ಬಿಡಲು. ಮಗಳು ಅವ್ವನ ಸೇವೆ ಮಾಡಲಿ ಎಂದು ಅವನು ಕೊಟ್ಟ ಮಾತು ಕೊಟ್ಟದ್ದೇ, ಆದರೆ ಈ ಮನೆಯಲ್ಲೇ ಎಂದು ಅವನು ಹೇಳಿರಲಿಲ್ಲ. ಉಪದೇಶಿಗಳು ತಲೆ ಕೆರೆದುಕೊಂಡು ಒಪ್ಪಿದರು. ಮಂಚದ ಸಮೇತ ಗಾಡಿಯಲ್ಲಿ ಹುಲ್ಲಿನ ಮೇಲೆ ಬರುತ್ತೇನೆ. "ಮೈಸೂರ್ಗಂಟ ನನ್ನೆತ್ತು ಓಯ್ತವೆ ಕಣವ್ವ, ನಿನ್ನ ಕೈಲಾಯ್ತದಾ ಏಳು" ಎಂದ ಕುಳ್ಳಯ್ಯ. ಆಗುತ್ತದೆ ಎಂದೆ. ನಿನ್ನ ವಾರ್ಡಿನಲ್ಲಿ ಕಿಟಕಿಯ ಪಕ್ಕ ಜಾಗ ಕೇಳಿಡು. ತಿರುಗಿ ಬರುವುದು ಹೇಗೋ ಅದು ಸ್ವಾಮಿಗೆ ಬಿಟ್ಟದ್ದು. ಆ ಗೇಟಿನ ಹತ್ತಿರ ನೀನೇ ಬಂದು ನಿಂತಿರು, ಬೇರೆ ಯಾರನ್ನೂ ಕಳಿಸಬೇಡ. ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ, ನಿನ್ನ ಕೈ ತಾಗಿದ ಮೇಲೆ ಬಿಡುತ್ತೇನೆ.