ಮಗಳನ್ನು ಶಾಣ್ಯಾಕಿ ಎಂದ ತಪ್ಪಿಗೆ

ಅಂಗವೈಕಲ್ಯವನ್ನು ನೂರಕ್ಕೆ ಇಷ್ಟು ಎಂದು ಅಳೆದು ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ಹೆತ್ತ ತಾಯಿ ತನ್ನ ಮಗಳನ್ನು, ಆ ಮಗಳ ಎದುರಿಗೇ, ಯಾತಕ್ಕೂ ಬಾರದವಳು ಎಂದು ಹೇಳಿದ ಮೇಲಷ್ಟೇ ನಿಮ್ಮ ಮಂಡಳಿ ಆಕೆಯ ಮಾಸಾಶನಕ್ಕೆ ದಾರಿ ಬಿಡುತ್ತದೆ. ನನ್ನ ತಕರಾರು ಇಷ್ಟೇ. ಇದನ್ನು ಅರ್ಜಿ ಮಾಡಿ ನಿಮ್ಮ ಕಚೇರಿಗೇ ಕೊಡಬಹುದಿತ್ತು. ಆದರೆ ಅಲ್ಲಿಂದ ಉತ್ತರ ಬರುವುದರೊಳಗೆ ಅರ್ಜಿ ಬರೆದವರಿಗೇ ತಲೆ ನರೆಯುತ್ತದೆ. ಹಾಗಾಗಿ ನಾಲ್ಕು ಮಂದಿ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮುರಗೋಡದಲ್ಲಿ ಬ್ಲೌಸು, ಚೂಡಿದಾರ ಹೊಲಿಯುವವಳು. ನನ್ನ ಅಕ್ಕ ಕೃಷ್ಣವ್ವನ ಮನೆ ನಮ್ಮ ಓಣಿಯಲ್ಲೇ ಇದೆ. ಭಾವ ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಅವರ ಒಬ್ಬಳೇ ಮಗಳು ಸ್ನೇಹಲ್‌ಗೆ ಈಗ ಇಪ್ಪತ್ತು ದಾಟಿದೆ. ಕೂಸಾಗಿದ್ದಾಗ ಹಿಡಿದ ಮೂರ್ಛೆರೋಗ ಇವತ್ತಿಗೂ ಬಿಟ್ಟಿಲ್ಲ. ಬುದ್ಧಿ ಅಂದು ಎಲ್ಲಿತ್ತೋ ಅಲ್ಲೇ ನಿಂತಿದೆ. ಆಡುವ ಮಾತು ಕೆಲವೇ. ನಾವಾಡಿದ ಮಾತಿನ ತುದಿಯನ್ನು ಹಿಡಿದು ಅದನ್ನೇ ತಿರುಗಿ ಹೇಳುವುದು ಅವಳಿಗೆ ಖುಷಿ. ಹಿಂದೆ ಅವಳಿಗೊಂದು ಪ್ರಮಾಣಪತ್ರವಿತ್ತು, ಅದರ ಮೇಲೆ ಮಾಸಾಶನ ಬರುತ್ತಿತ್ತು, ಅದರಲ್ಲಿ ಮೂರ್ಛೆಯ ಗುಳಿಗೆ ಬರುತ್ತಿದ್ದವು. ಪತ್ರದ ಅವಧಿ ಮುಗಿಯಿತು, ಮಗಳನ್ನು ಮತ್ತೊಮ್ಮೆ ತೋರಿಸಿ ಎಂದಿರಿ. ತೋರಿಸಲು ಬಂದೆವು.

ಅಕ್ಕ ಅವಳನ್ನು ಹೇಗೆ ಕರೆತಂದಳು ಗೊತ್ತೇ? ತಲೆಗೆ ಎರೆದು, ಎರಡು ಜಡೆ ಹಾಕಿ, ಮಲ್ಲಿಗೆ ಮುಡಿಸಿ, ನಾನು ಹೊಲಿದಿದ್ದ ಹೊಸ ಚೂಡಿದಾರ ತೊಡಿಸಿ ಕರೆತಂದಳು. ದೊಡ್ಡ ಸಾಹೇಬರು ನೋಡುತ್ತಾರೆ, ಮಗಳು ಚೆಂದ ಕಾಣಬೇಕು ಎಂಬುದು ಅವಳ ಆಸೆ. ನಿಮ್ಮ ಮೇಜಿನ ಮುಂದೆ ಸ್ನೇಹಲ್ ತಾಯಿಯ ಸೆರಗು ಹಿಡಿದುಕೊಂಡು ನಗುತ್ತಾ ಕೂತಳು. ನಾನು ಬಾಗಿಲ ಬಳಿ ನಿಂತಿದ್ದೆ.

"ಮಗಳು ಹೇಗಿದ್ದಾಳಮ್ಮ?" ಎಂದು ಕೇಳಿದಿರಿ.

"ಆರಾಮ ಅದಾಳ್ರಿ," ಎಂದಳು ಅಕ್ಕ.

"ತಾನೇ ಊಟ ಮಾಡ್ತಾಳಾ?"

"ಹೂನ್ರಿ, ಉಣ್ಣತಾಳ್ರಿ. ಏನೂ ತ್ರಾಸ ಕೊಡಂಗಿಲ್ರಿ. ಭಾಳ ಶಾಣ್ಯಾಕಿ ಅದಾಳ್ರಿ ನನ್ನ ಮಗಳು."

ಮುಗಿಯಿತು. ಶಾಣ್ಯಾಕಿ ಎಂದರೆ ಜಾಣೆ ಎಂದು ನೀವು ಬರೆದುಕೊಂಡಿರಿ. ಪೆನ್ನು ಎತ್ತಿ ಹಿಡಿದು "ಇದೇನು?" ಎಂದು ಸ್ನೇಹಲ್‌ಗೆ ಕೇಳಿದಿರಿ, ಅವಳು ನಕ್ಕು "ಏನು" ಎಂದಳು, ಅದನ್ನೂ ಉತ್ತರ ಎಂದುಕೊಂಡಿರಿ. ಮಾಸಾಶನಕ್ಕೆ ಎಷ್ಟು ಬೇಕೋ ಅದಕ್ಕಿಂತ ಕಡಿಮೆ ಶೇಕಡಾ ಬಂತು.

ಸ್ವಾಮಿ, ನೀವು ಯಾವ ಸೀಮೆಯವರೋ ನನಗೆ ಗೊತ್ತಿಲ್ಲ. ನಮ್ಮ ಸೀಮೆಯಲ್ಲಿ ರಂಪ ಮಾಡದೆ ಹಾಲು ಕುಡಿದ ಕೂಸೂ ಶಾಣ್ಯಾ. ಸೂಜಿ ಚುಚ್ಚಿಸಿಕೊಂಡು ಬೇಗ ಅಳು ನಿಲ್ಲಿಸಿದವಳೂ ಶಾಣ್ಯಾಕಿ. ಒದೆಯದೆ ಹಾಲು ಕೊಟ್ಟ ಎಮ್ಮೆಯ ಮೈದಡವಿ "ಶಾಣ್ಯಾಕಿ ನಮ್ಮವ್ವ" ಎನ್ನುತ್ತೇವೆ. ಆ ಎಮ್ಮೆಗೆ ಮಗ್ಗಿ ಬರುತ್ತದೆ ಎಂದು ಯಾರೂ ತಿಳಿದಿಲ್ಲ. "ಉಣ್ಣತಾಳ್ರಿ" ಎಂದರೆ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಬಾಯಿಗೆ ಇಟ್ಟರೆ ಉಗುಳದೆ ನುಂಗುತ್ತಾಳೆ ಎಂದರ್ಥ. "ಆರಾಮ" ಎನ್ನುವುದಂತೂ ಉತ್ತರವೇ ಅಲ್ಲ, ಅದು ಮರ್ಯಾದೆ. ಹೇಗಿದ್ದೀರಿ ಎಂದವರಿಗೆ ಮನೆಯ ಸಂಕಟ ಹರವಿ ಕೂರುವವರು ನಾವಲ್ಲ. ಅದರ ಮೇಲೆ, ಎದುರಿಗೆ ಕೂತ ಮಗುವಿನ ಬಗ್ಗೆ ಬಾಯಿಂದ ಕೆಟ್ಟದ್ದು ಬರಬಾರದು ಎಂದು ನಮ್ಮವ್ವ ನಮಗೆ ಕಲಿಸಿದ್ದಳು. ಇಷ್ಟೂ ಸಂಸ್ಕಾರ ಸೇರಿ ಸ್ನೇಹಲ್‌ಳ ಗುಳಿಗೆಗೆ ಕಲ್ಲು ಬಿತ್ತು.

ನಿಮ್ಮ ಕಚೇರಿಯ ಗುಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದರು. "ನಿಮ್ಮಕ್ಕ ತಾನ ಬಾಯಿಬಿಟ್ಟು ಶಾಣ್ಯಾಕಿ ಅಂತ ಹೇಳಿದ್ರ ಸಾಹೇಬ್ರು ಏನ್ ಮಾಡಬೇಕ್ರಿ? ಮುಂದಿನ ಸಲ ಬಂದಾಗ ಇದ್ದದ್ದು ಇದ್ದಂಗ ಹೇಳಸ್ರಿ. ಒಂದೀಟು ಹೆಚ್ಚಿಗಿನ ಹೇಳಸ್ರಿ." ಒಳ್ಳೆಯ ಮನುಷ್ಯ, ಪಾಪ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಆ "ಮುಂದಿನ ಸಲ" ಬರುವುದಕ್ಕೆ ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಅಕ್ಕ ಯಾರಿಗೂ ಹೇಳದೆ ಗುಳಿಗೆಯನ್ನು ಅರ್ಧ ಮುರಿದು ಕೊಡತೊಡಗಿದ್ದಳು. ಅರ್ಧ ಗುಳಿಗೆ ಕೊಟ್ಟರೆ ಮೂರ್ಛೆರೋಗವೇನು ಅರ್ಧ ದಿನ ರಜೆ ಹಾಕುತ್ತದೆಯೇ? ಸ್ನೇಹಲ್ ಬಚ್ಚಲಲ್ಲಿ ಬಿದ್ದು ಹುಬ್ಬು ಒಡೆದುಕೊಂಡಳು. ಸವದತ್ತಿಗೆ ಕರೆದೊಯ್ದು ಹೊಲಿಗೆ ಹಾಕಿಸಿದೆವು. ಅಲ್ಲಿ ಅಕ್ಕ ಗೋಡೆಗೆ ಹಣೆ ಒತ್ತಿ ಅತ್ತಳು. "ಹೇಳತೇನಿ ಇಂದ್ರವ್ವ," ಎಂದಳು. "ಏನ್ ಹೇಳಂತಾರ ಅದನ್ನ ಹೇಳತೇನಿ."

ಎರಡನೇ ಸಲ ಹೂವಿಲ್ಲ, ಹೊಸ ಬಟ್ಟೆಯಿಲ್ಲ. ಬಾಗಿಲ ಬಳಿ ಮತ್ತೆ ನಾನಿದ್ದೆ. ಅಕ್ಕ ನಿಮ್ಮನ್ನು ಒಂದೇ ಒಂದು ಮಾತು ಕೇಳಿದಳು, ನೆನಪಿದೆಯೇ?

"ಸಾಹೇಬ್ರ, ಅಕಿನ್ನ ಹೊರಗ ಕಳಸ್ಲೇನ್ರಿ?"

"ಬೇಡ, ಇರಲಿ ಬಿಡಮ್ಮ. ಅವಳಿಗೇನು ತಿಳಿಯುತ್ತೆ?"

ಅಲ್ಲ ಮಾನ್ಯರೇ, ನನಗೊಂದು ಸಂಶಯ. ಮೊದಲ ಸಲ, ಅವಳಿಗೆ ಸಾಕಷ್ಟು ತಿಳಿಯುತ್ತದೆ ಎಂದು ಮಾಸಾಶನ ತಪ್ಪಿಸಿದವರೂ ನೀವೇ. ಈಗ ಅವಳಿಗೇನು ತಿಳಿಯುತ್ತೆ ಎಂದವರೂ ನೀವೇ. ಎರಡರಲ್ಲಿ ಯಾವುದು ನಿಮ್ಮ ವೈದ್ಯಶಾಸ್ತ್ರ? ಕೊಡುವಾಗ ಒಂದು ತಕ್ಕಡಿ, ಕಿತ್ತುಕೊಳ್ಳುವಾಗ ಒಂದು ತಕ್ಕಡಿಯೇ?

ಅಕ್ಕ ಮೇಜನ್ನು ನೋಡುತ್ತಾ ಹೇಳಿದಳು. "ನನ್ನ ಮಗಳು ಶಾಣ್ಯಾಕಿ ಅಲ್ರಿ. ಅಕಿಗೆ ಏನೂ ತಿಳಿಯಂಗಿಲ್ರಿ. ಉಚ್ಚಿ ಬಂದ್ರ ಹೇಳಾಕ ಬರಂಗಿಲ್ಲ. ಮುಟ್ಟಾದ್ರ ಗೊತ್ತಾಗಂಗಿಲ್ಲ. ಯಾತಕ್ಕೂ ಬರಂಗಿಲ್ರಿ ಅಕಿ. ನಾ ಸತ್ರ ಅಕಿನ್ನ ಯಾರೂ ನೋಡಂಗಿಲ್ರಿ."

ನೀವು ಬರೆದುಕೊಳ್ಳುತ್ತಿದ್ದಿರಿ, ಆದ್ದರಿಂದ ನೋಡಲಿಲ್ಲ. ನಾನು ನೋಡಿದೆ. ಸ್ನೇಹಲ್ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ದಿನಾ ಕೇಳಿದ ಒಂದು ಮಾತಿದ್ದರೆ ಅದು "ಶಾಣ್ಯಾಕಿ". ಆ ಮಾತು ಕಿವಿಗೆ ಬಿದ್ದರೆ ಮುಖ ಅರಳುತ್ತಿತ್ತು. ಅವತ್ತೂ ಅರಳಿತು. "ಅಲ್ರಿ" ಎಂಬುದು ಬಂದ ಮೇಲೆ ಬಾಡಿತು. ಕೈಯಲ್ಲಿದ್ದ ಸೆರಗನ್ನು ಬಿಟ್ಟು ಎದ್ದು ಬಂದು ನನ್ನ ಪಕ್ಕಕ್ಕೆ ನಿಂತಳು.

ಈ ಸಲ ಶೇಕಡಾ ಬೇಕಾದಷ್ಟು ಬಂತು. ಮಾಸಾಶನವೂ ಮತ್ತೆ ಶುರುವಾಯಿತು, ಗುಳಿಗೆ ಇಡಿಯಾಗಿ ಸಿಗುತ್ತಿದೆ. ಧನ್ಯವಾದ ಹೇಳಲೇಬೇಕು, ಹೇಳಿದ್ದೇನೆ. ಆದರೆ ನಿಮ್ಮ ಮಂಡಳಿ ಅಳೆಯದೆ ಬಿಟ್ಟದ್ದೊಂದಿದೆ. ಸ್ನೇಹಲ್ ಈಗ ತಾಯಿಯ ಕೈತುತ್ತು ಉಣ್ಣುವುದಿಲ್ಲ. "ಬಾಯಿ ತಗಿಯವ್ವ, ನನ್ನ ಶಾಣ್ಯಾಕಿ ಅಲ್ಲಾ ನೀ," ಎಂದು ಅಕ್ಕ ರಮಿಸಿದರೆ, ತಟ್ಟೆ ದೂಡಿ "ಅಲ್ರಿ" ಎನ್ನುತ್ತಾಳೆ. ಅಕ್ಕನಿಗೆ ಯಾವತ್ತೂ ರೀ ಹಚ್ಚಿ ಮಾತಾಡಿದವಳಲ್ಲ ಅವಳು. ನಾನು ಅಂಗಡಿ ತೆರೆಯುವ ಮುಂಚೆ ಹೋಗಿ ಉಣಿಸುತ್ತೇನೆ. ಸಂಜೆ ಮತ್ತೆ ಹೋಗುತ್ತೇನೆ. ಅಕ್ಕ ರೊಟ್ಟಿ ಬಡಿದು, ಹಾಲಿನಲ್ಲಿ ಕಿವುಚಿ ಕೊಟ್ಟು, ಮಗಳ ಕಣ್ಣಿಗೆ ಬೀಳದಂತೆ ಕದದ ಹಿಂದೆ ನಿಂತು ಅವಳು ಉಣ್ಣುವುದನ್ನು ನೋಡುತ್ತಾಳೆ. ಅಯ್ಯೋ, ನನಗೆ ಅದನ್ನು ನೋಡಲಾಗುವುದಿಲ್ಲ ಸಾಹೇಬರೇ.

ಹೋಗಲಿ, ಆದದ್ದು ಆಯಿತು ಎಂದು ಸುಮ್ಮನಾಗುತ್ತಿದ್ದೆ. ಸುಮ್ಮನಿರದಂತೆ ಮಾಡಿದ್ದು ಹೊಸ ಪ್ರಮಾಣಪತ್ರದ ಕೆಳಗಿನ ಸಾಲು: ತಾತ್ಕಾಲಿಕ, ಅವಧಿ ಮುಗಿದ ಮೇಲೆ ಮರುತಪಾಸಣೆಗೆ ಹಾಜರಾಗಬೇಕು. ಕೂಸಾಗಿದ್ದಾಗಲೇ ನಿಂತ ಬುದ್ಧಿ ಅಡೆ ಹಾಕಿದ ಬಾಳೆಗೊನೆಯಂತೆ ನಿಮ್ಮ ಅವಧಿಯೊಳಗೆ ಹಣ್ಣಾಗುತ್ತದೆಂದು ಕಾಯುತ್ತಿದ್ದೀರಾ? ಅವಳ ಕಾಯಿಲೆ ಕಾಯಂ ಆಗಿದೆ, ತಾತ್ಕಾಲಿಕವಾಗಿರುವುದು ನಿಮ್ಮ ನಂಬಿಕೆ ಮಾತ್ರ.

ಆದ್ದರಿಂದ ಒತ್ತಾಯಿಸಿ ಕೇಳುತ್ತೇನೆ. ಸ್ನೇಹಲ್‌ಳಿಗೂ ಅವಳಂಥವರಿಗೂ ಕಾಯಂ ಪ್ರಮಾಣಪತ್ರ ಕೊಡಿ. ಸಂಶಯವಿದ್ದರೆ ಯಾರನ್ನಾದರೂ ಮನೆಗೆ ಕಳಿಸಿ, ಒಂದು ಹಗಲು ಕೂತು ಕಣ್ಣಾರೆ ನೋಡಲಿ, ಊಟ ನಮ್ಮಲ್ಲೇ ಆಗಲಿ. ತಾಯಿಯನ್ನು ಪ್ರಶ್ನೆ ಮಾಡಲೇಬೇಕಾದರೆ ಮಗಳನ್ನು ಹೊರಗೆ ಕೂರಿಸಿ ಮಾಡಿ. ಇದಕ್ಕೆ ಸರ್ಕಾರದ ಬೊಕ್ಕಸದಿಂದ ಒಂದು ಕುರ್ಚಿ ಸಾಕು.

ಉತ್ತರ ಬೇಗ ಬೇಕು. ಮೊನ್ನೆ ಅಕ್ಕ ನನ್ನ ಅಂಗಡಿಗೆ ಬಂದು, ಹೊಲಿಗೆ ಯಂತ್ರ ನಿಲ್ಲುವ ತನಕ ಕಾದು ನಿಂತು, ಮೆಲ್ಲಗೆ ಕೇಳಿದಳು: "ಮತ್ತ ಕರಕೊಂಡು ಹೋಗೂ ಮುಂದ ಅಕಿ ಕಿವ್ಯಾಗ ಹತ್ತಿ ಇಟ್ರ ನಡೀತದೇನ್ ಇಂದ್ರವ್ವ? ಸಾಹೇಬ್ರು ಏನರ ಅಂದಾರೇನು?"

ನಡೆಯುತ್ತದೆಯೇ, ಮಾನ್ಯರೇ?

ಇಂತಿ,
ನಿಮ್ಮ ಬಾಗಿಲಲ್ಲಿ ಎರಡು ಸಲ ನಿಂತು, ಎರಡೂ ಸಲ ಬಾಯಿ ಮುಚ್ಚಿಕೊಂಡಿದ್ದ,
ಸ್ನೇಹಲ್‌ಳ ಚಿಗವ್ವ ಇಂದ್ರವ್ವ
ಮುರಗೋಡ